ಸದ್ದು ಮಾಡದ ಕ್ಯಾಮೆರಾ

ಗುಮ್ಮಳಾಪುರದ ಬಸ್ಸಿನಲ್ಲಿ ಚಿನ್ಮಯಿಯ ಮುಂದಿನ ಸೀಟಿನಲ್ಲಿ ಮದುವೆ ಫೋಟೋ ತೆಗೆಯುವ ಆವುಲಪ್ಪ ಮತ್ತು ಅವರ ಸೋದರಳಿಯ ವೇಣು ಕುಳಿತಿದ್ದರು. ಇಬ್ಬರ ತೊಡೆಯ ಮೇಲೂ ಒಂದೊಂದು ಕ್ಯಾಮೆರಾ, ಮಾವನದು ಹಳೆಯದು, ಅಳಿಯನದು ಹೊಸದು.

"ನಾಳೆ ಮೂರ್ತಕ್ಕೆ ಹಳೇದೇ ಇರ್ಲಿ ಕಣ್ಲಾ."

"ಮಂಟಪದಾಗೆ ಬೆಳಕು ಕಮ್ಮಿ ಮಾವ. ಹಳೇದ್ರಾಗೆ ಮುಖ ಮಸುಕಾಯ್ತದೆ. ಹೊಸದಾದ್ರೆ ಮುಖದಾಗೆ ಕಣ್ಣು ಎಲ್ಲದೆ ಅಂತ ತಾನೇ ಹುಡುಕ್ಕೊಂತದೆ."

"ಸಾನಮಾವಿನ ಮದುವ್ಯಾಗೆ ಏನಾಯ್ತು? ಟಕ್ ಅನ್ಲಿಲ್ಲ ಅಂತ ಗಂಡು ತಾಳಿ ಹಿಡ್ಕೊಂಡು ನಿನ್ನೇ ನೋಡ್ತಾ ನಿಂತ್ಬುಟ್ಟ. ಮೂರ್ತ ಮೀರೋದ್ರಾಗಿತ್ತು."

"ಅಷ್ಟೊತ್ತಿಗೆ ರಾಶಿ ಫೋಟೋ ಹೊಡ್ದಿದ್ದೆ."

"ಅವನಿಗೆ ಹೆಂಗ್ಲಾ ಗೊತ್ತಾಯ್ತದೆ? ಹಳೇದ್ರೊಳಗೆ ಕನ್ನಡಿ ಏಳ್ತದೆ, ಟಕ್ ಅಂತದೆ, ಅವ್ನು ಕಟ್ತಾನೆ. ಇದ್ರಾಗೆ ಕನ್ನಡೀನೇ ಇಲ್ಲ."

"ಇದ್ರಾಗೂ ಸದ್ದು ಇಕ್ಕಬೌದು. ಆದ್ರೆ ಅದು ಸಣ್ಣದು, ವಾಲಗದಾಗೆ ಕೇಳ್ಸಲ್ಲ."

"ಇನ್ನೊಂದ್ಸಲ ಹಂಗಾದ್ರೆ ನಮ್ಮನ್ನ ಯಾರು ಕರೀತಾರೆ?"

ತಾಳಿಗೆ ಕಾದು ಕುಳಿತಿದ್ದ, ತಾನು ಕಂಡೇ ಇರದ ಆ ಸಾನಮಾವಿನ ಮದುಮಗಳನ್ನು ನೆನೆದು ಚಿನ್ಮಯಿಗೂ ಕಳವಳವಾಯಿತು.

"ಹಂಗಾದ್ರೆ ಹೊಸದ್ರಾಗೆ ನಾನು ತೆಗೀತೀನಿ. ನೀನು ಪಕ್ಕದಾಗೆ ನಿಂತು ಹಳೇದ್ನ ಟಕ್ ಅನ್ಸು ಮಾವ."

"ಆಗ ಗಂಡು ಯಾರ್ನ ನೋಡ್ಬೇಕು?"

ಬಸ್ಸು ನಿಂತಿತು, ಇಬ್ಬರೂ ಇಳಿದರು. ಚಿನ್ಮಯಿ ಕಿಟಕಿಯಿಂದ ಬಗ್ಗಿ ನೋಡಿದಳು. ರಸ್ತೆಯಂಚಿನಲ್ಲಿ ನಿಂತು ಅವರು ಮದುಮಗ ನೋಡಬೇಕಾದ ಕಡೆಗೆ ಕೈ ತೋರಿಸುತ್ತಿದ್ದರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ.