ಹಾಸ್ಟೆಲಿನ ಬೀನ್ಸ್

ನಮ್ಮ ಮನೆಯಲ್ಲಿ ತಿನ್ನದ ತರಕಾರಿಯನ್ನು ಹಾಸ್ಟೆಲ್ ಮಕ್ಕಳಿಗೆ ಕಳಿಸುವುದಿಲ್ಲ ಎಂದು ತೋಟದ ಒಡತಿ ವೆರೋನಿಕಾ ಬಾಯಿ ಹನ್ನೆರಡು ವರ್ಷದ ಹಿಂದೆ ವಾರ್ಡನ್‌ಗೆ ಮಾತು ಕೊಟ್ಟಿದ್ದರು. ಶನಿವಾರ ಬೆಳಿಗ್ಗೆ ದೋಣಿಗಲ್ ಬಸ್‌ಸ್ಟಾಪಿನಲ್ಲಿ ಅವರ ಮೂರು ಬುಟ್ಟಿ ಬೀನ್ಸ್ ಇದ್ದವು. ಬಾಯಿ ಬಗ್ಗಿ ಒಂದು ಬುಟ್ಟಿಯನ್ನು ಮೂಸಿ ನೋಡಿದರು. ಆಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಗಿಡ್ಡಯ್ಯನ ಕಡೆ ತಿರುಗಿದರು.

"ನನ್ನ ಅಡುಗೆಮನೇಲಿ ಇಟ್ಟ ಬೀನ್ಸ್ ಎಲ್ಲಿದು, ಗಿಡ್ಡಯ್ಯ?"

"ಹಳ್ಳದ ಪಕ್ಕದ ಸಾಲಿಂದು, ಅಮ್ಮೋರೆ."

"ಇದು?"

"ಮೇಲಿನ ಪಟ್ಟೇದು. ನೀವು ಮಂಗ್ಳೂರ್ಗೆ ಹೋಗಿದ್ರಲ್ಲ, ಹುಳ ಬಿದ್ಬುಡ್ತು. ಗುರುವಾರ ಔಷಧಿ ಹೊಡ್ಸಿದೆ."

"ಹೊಡೆದು ಎಷ್ಟು ದಿನ ಕೊಯ್ಬಾರ್ದು ಅಂತ ಡಬ್ಬಿ ಮೇಲೆ ಐತೆ?"

"ಏಳು."

"ಇವತ್ತಿಗೆ?"

"ಎರಡು. ಮೂರು ನೀರಲ್ಲಿ ತೊಳ್ಸಿದೀನಿ, ಹೆಂಗೆ ಹೊಳೀತೈತೆ ನೋಡಿ."

"ಒಳ್ಳೇದಾಯ್ತು ಮಾರಾಯ್ರೆ. ಒಂದು ಬುಟ್ಟಿ ನಿಮ್ಮನೇಗೆ ತಗೊಂಡೋಗಿ, ಪಲ್ಯ ಮಾಡಿಸಿ."

"ಬ್ಯಾಡ ಬುಡಿ. ಮನೇಲಿ ಮೊಮ್ಮಗ ಅವ್ನೆ."

"ಹಾಸ್ಟೆಲಲ್ಲಿ ಎಂಬತ್ತು ಜನ ಅವ್ರೆ."

ಗಿಡ್ಡಯ್ಯ ಟವೆಲಿನಿಂದ ಮುಖ ಒರೆಸಿಕೊಂಡ.

"ಇವತ್ತು ಕಳಿಸ್ನಿಲ್ಲ ಅಂದ್ರೆ ಆ ವಾರ್ಡನ್ನು ಬೇರೆ ತೋಟಕ್ಕೆ ಹೇಳ್ಬುಡ್ತಾರೆ ಕಣಮ್ಮ. ಇದ್ದೊಂದು ಕಾಯಂ ಗಿರಾಕಿ."

"ಹೇಳ್ಲಿ. ಯಾಕೆ ಬರ್ಲಿಲ್ಲ ಅಂತ ನಾನೇ ಹೋಗಿ ಹೇಳ್ತೇನೆ."

"ಇದನ್ನ ಏನ್ ಮಾಡ್ಲಿ?"

"ಗುಂಡಿ ತೋಡಿ ಮುಚ್ಚಿ. ದನಕ್ಕೂ ಹಾಕ್ಬೇಡಿ."

ಬಸ್ಸು ಬಂತು. ಬುಟ್ಟಿ ಏರಿಸುವುದಕ್ಕೆ ಕಂಡಕ್ಟರ್ ಅಭ್ಯಾಸಬಲದಿಂದ ಕೆಳಗಿಳಿದ.

"ಇವತ್ತು ಲಗೇಜಿಲ್ಲ, ಒಂದೇ ಟಿಕೆಟ್ಟು," ಎಂದು ಬಾಯಿ ಹತ್ತಿ ಕುಳಿತರು. ಕೊಟ್ಟ ಮಾತು ನಡೆಸಿದರು.