ಸುರುಳಿ ಕೂದಲಿನ ಬಟ್ಟಲಣಬೆ

ಎಸ್ಟೋನಿಯಾದ ತಾರ್ತು ಊರಿನ ಕಣ್ಣಾಸ್ಪತ್ರೆಯೊಂದರಲ್ಲಿ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಣಬೆಗಳ ಪಾಠ ಹೇಳಿ ನಿವೃತ್ತರಾದ ಹೆಲ್ಯು, ಅವರನ್ನು ಕರೆತಂದಿದ್ದ ಹಳೆಯ ಶಿಷ್ಯ ತಾರ್ವೊ.

"ಹನ್ನೊಂದು ವರ್ಷದ ಹಿಂದೆ ನೀವು ತಂದಿಟ್ಟ ಐದು ಕೆಂಪು ಬಟ್ಟಲಣಬೆಗಳನ್ನ ಮತ್ತೆ ಮೈಕ್ರೋಸ್ಕೋಪಲ್ಲಿ ನೋಡ್ದೆ, ಟೀಚರ್."

"ಹೊರಮೈ ಕೂದಲು ನೆಟ್ಟಗಿತ್ತು ತಾನೆ?"

"ಇಲ್ಲ. ಐದರಲ್ಲೂ ಸುರುಳಿ ಸುರುಳಿ. ಎಲ್ಲಾ ಕಡೆ ಸಿಗೋ ಜಾತಿ ಅದು, ನೀವು ಬರೆದಿರೋ ಅಪರೂಪದ್ದಲ್ಲ."

"ಅಪರೂಪದ್ದು ಅಂತಲೇ ಅದು ಸಿಕ್ಕಿದ ಕಾಡನ್ನ ಕಡೀದೆ ಬಿಟ್ಟಿದ್ದಾರೆ, ತಾರ್ವೊ."

"ಗೊತ್ತು. ನಾಳೆ ಆ ಕಾಡಿನ ವರದಿಗೆ ನಾನು ಸಹಿ ಹಾಕ್ಬೇಕು. ನಿಜ ಬರೆದ್ರೆ ಕಾಡು ಹೋಗುತ್ತೆ. ಸುಳ್ಳು ಬರೆಯೋದನ್ನ ನೀವು ಕಲಿಸ್ಲಿಲ್ಲ."

ಹೆಲ್ಯು ಅವನತ್ತ ತಿರುಗಿದರು.

"ಮುದುಕಿಗೆ ಆಗಲೇ ಕಣ್ಣು ಮಂಜಾಗಿತ್ತು, ತಪ್ಪು ನೋಡಿದ್ಲು ಅಂತ ಬರಿ."

"ಹನ್ನೊಂದು ವರ್ಷದ ಹಿಂದೆ ಮಂಜಾಗಿತ್ತಾ?"

"ಇಲ್ಲ. ಆಗ ಒಂದೊಂದು ಕೂದಲೂ ಚೆನ್ನಾಗಿ ಕಾಣ್ತಿತ್ತು."

"ಅಂದ್ರೆ ಗೊತ್ತಿದ್ದೇ ಬರೆದ್ರಾ?"

"ಗೊತ್ತಿದ್ದೇ ಬರೆದೆ. ಇಷ್ಟು ವರ್ಷ ಒಬ್ಬಳೇ ಹೊತ್ಕೊಂಡಿದ್ದೆ. ನಿಂಗೆ ಹೇಳ್ಬಾರದಿತ್ತು."

ನರ್ಸ್ ಅವರ ಹೆಸರು ಕರೆದಳು. ಹೆಲ್ಯು ಎದ್ದು ಕೈ ಚಾಚಿದರು. ತಾರ್ವೊ ತಕ್ಷಣ ಏಳಲಿಲ್ಲ. ಆಮೇಲೆ ಎದ್ದು ಆ ಕೈ ಹಿಡಿದು, "ಇಲ್ಲೊಂದು ಮೆಟ್ಟಿಲಿದೆ, ಟೀಚರ್," ಎನ್ನುತ್ತಾ ಒಳಗೆ ಕರೆದುಕೊಂಡು ಹೋದ.