ಉಸ್ತಾದರು ಹಿಡಿದ ಮಣಿಕಟ್ಟು

ತನ್ನ ಕೈ ಹಾಯ್ದ ಬಂದೂಕು ಹೊಡೆಯುವವರ ಕಣ್ಣು ತೆಗೆಯುವುದಿಲ್ಲ ಎಂದು ಬಂದೂಕು ರಿಪೇರಿಯ ಅಮೀರ ಉಸ್ತಾದರು ಹೆಂಡತಿ ವಜೀರುನ್ನಿಸಾಗೆ ಮಾತು ಕೊಟ್ಟು ಮೂವತ್ತು ವರ್ಷ ದಾಟಿತ್ತು. ಆಕೆಯ ತಮ್ಮ ಒಂದು ಕಣ್ಣು ಕಳೆದುಕೊಂಡು ಮನೆಗೆ ಬಂದ ದಿನ ಕೊಟ್ಟ ಮಾತು ಅದು.

ಮಧುಮತಿಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದುದು ಇಷ್ಟೇ: ಅಂದು ಬೆಳಗ್ಗೆ ಜೇವರ್ಗಿ ಹತ್ತಿರದ ಚಾಂದಮಾರಿ ಬಯಲಲ್ಲಿ, ಗಾರ್ಡ್ ಕೆಲಸದ ತರಬೇತಿಗೆ ಬಂದವರೆಲ್ಲ ಸಾಲಾಗಿ ಬೋರಲು ಮಲಗಿ ಗುರಿಗೆ ಹೊಡೆಯುತ್ತಿದ್ದಾಗ, ಅವಳು ಎರಡನೆಯ ಗುಂಡಿನ ತೋಟಾ ಬಂದೂಕಿನ ಒಳಗೆ ನೂಕಬೇಕೆನ್ನುವಷ್ಟರಲ್ಲಿ ಯಾರೋ ಅವಳ ಬಲ ಮಣಿಕಟ್ಟು ಗಟ್ಟಿಯಾಗಿ ಹಿಡಿದಿದ್ದರು. ಬಂದೂಕು ರಿಪೇರಿಯ ಮಲ್ಕಪ್ಪ ಮುತ್ಯಾ ಓಡಿಬಂದು ನೋಡಿದರೆ, ಮೊದಲನೆಯ ತೋಟಾ ಸಿಡಿಯದೆ ಒಳಗೇ ಕೂತಿತ್ತು.

ಹಿಡಿದವರಿಗೆ ಕೈಮುಗಿಯಬೇಕೆಂದು ಅವಳು ಎಲ್ಲರನ್ನೂ ಕೇಳಿದಳು. ಎಡಕ್ಕೆ ಮಲಗಿದ್ದ ಜಗದೇವ ನಕ್ಕುಬಿಟ್ಟ. "ನನ್ನ ಕೈ ನನ್ನ ಬಂದೂಕಿಗೇ ಸಾಲವಲ್ಲವು, ನಿನ್ನ ಕೈ ಎಲ್ಲಿಂದ ಹಿಡೀಲಿ ಅಕ್ಕಾ?" ಬಲಕ್ಕೆ ಯಾರೂ ಇರಲಿಲ್ಲ. ಉಳಿದ ಐದು ಗುಂಡು ಹೊಡೆಯದಿದ್ದರೆ ಕೆಲಸ ಸಿಗುವುದಿಲ್ಲ. ಅಫಜಲಪುರದ ಮನೆಯಲ್ಲಿ ಇಬ್ಬರು ಮಕ್ಕಳು. ಆದರೂ ಅವಳು ಬಂದೂಕನ್ನು ಮುತ್ಯಾರ ಕೈಗೇ ಬಿಟ್ಟು ದೂರ ಸರಿದಳು.

ಅಷ್ಟರಲ್ಲಿ ಮಳೆ ಹೊಡೆಯಿತು. ಎಲ್ಲರೂ ತಗಡಿನ ಶೆಡ್ಡಿಗೆ ನುಗ್ಗಿದರು. ಕಿಣ್ಣಿ ಸುಲ್ತಾನ ಊರಿನ ಮಲ್ಕಪ್ಪ ಮುತ್ಯಾ, ಎಪ್ಪತ್ತು ದಾಟಿದವರು, ಎಣ್ಣೆ ಅರಿವೆಯಿಂದ ಬೆರಳು ಒರೆಸುತ್ತ ಮೂಲೆಯಲ್ಲಿ ಕೂತು ಸುರು ಮಾಡಿದರು.

"ಕೇಳ್ರಿ... ಬೋಲ್ಟ್ ಹಿಂದಕ್ಕ ಎಳದ್ರ ಖಾಲಿ ತೋಟಾ ಹೊರಗ ಬೀಳಬೇಕು, ಹೌದಲ್ರಿ? ಬೋಲ್ಟಿನ ತುದಿಗಿ ಒಂದು ಕೊಂಡಿ ಇರ್ತದ, ಎಕ್ಸ್‌ಟ್ರಾಕ್ಟರ್ ಅಂತಾರ, ಅದು ಹಿಡದು ಎಳೀತದ. ಹಿಂದ ಎಜೆಕ್ಟರ್ ಇರ್ತದ, ಅದು ಒದ್ದು ಹೊರಗ ಹಾಕ್ತದ. ಎಳಕೊಂಡು ಬಂದು ಒದೀಲಿಲ್ಲಂದ್ರ ಚಿಂತಿಲ್ಲ, ಬಂದೂಕ ಹೊಳ್ಳಿಸಿ ಬೆರಳಿಲೆ ತಗದು ಒಗೀರಿ. ಆದ್ರ ಕೊಂಡಿ ಜಾರಿ, ತೋಟಾ ಒಳಗs ಉಳೀತಂದ್ರ... ಅದು ಖಾಲಿನೋ ಜೀವಂತನೋ, ಹೊರಗಿನವರಿಗಿ ಹ್ಯಾಂಗ ತಿಳೀಬೇಕು?

"ನಂಗ ಈ ಕೆಲಸಾ ಕಲಿಸಿದ ಅಮೀರ ಉಸ್ತಾದರು ತೀರಿಹೋಗಿ ಮೂರು ತಿಂಗಳಾಗಿತ್ತು. ಆಳಂದ ಕಡೆ ಒಂದು ಗುಡ್ಡದ ಬುಡಕ ನಾ ಸಾಲಿನ್ಯಾಗ ಮಲಗಿ ಹೊಡ್ಯಾಕತ್ತಿದ್ದೆ. ಬೆರಳಿಲೆ ಬಂದೂಕಿನ ಕುದುರಿ ಒತ್ತಿದೆ, ಢಂ ಅಂತು. ನಂದs ಅಂದ್ಕೊಂಡೆ... ಅಲ್ಲ, ಅದು ಬಾಜೂದವಂದು. ನಂದು ಹಾರಿರಲೇ ಇಲ್ಲ. ಬೋಲ್ಟ್ ಎಳದೆ, ಏನೂ ಬೀಳಲಿಲ್ಲ. ಹುಲ್ಲಿನ್ಯಾಗ ಎಲ್ಲೋ ಬಿದ್ದದ ಬಿಡು ಅಂತ ಮುಂದಿನ ತೋಟಾ ನೂಕಾಕ ಹೋದೆ. ಅದರ ಚೂಪು ತುದಿ ಒಳಗ ಕೂತದ್ದರ ಬೆನ್ನಿಗಿ ಬಡದ್ರ ಬೆಂಕಿ ಹಿಂದಕ್ಕ, ನನ್ನ ಮಾರಿಗೆ ಬರತಿತ್ತು... ವಜೀರುನ್ನಿಸಾ ಅಮ್ಮನ ತಮ್ಮಗ ಬಂದಂಗ. ಕೈ ಮುಂದ ಹೋಗವಲ್ದು! ಯಾರೋ ಮಣಿಕಟ್ಟು ಹಿಡದಾರ. ಥಣ್ಣನ ಕೈ, ಬಂದೂಕಿನ ಎಣ್ಣಿ ವಾಸನಿ... ಕಿವ್ಯಾಗ ಒಂದs ಮಾತು, 'ತಡಿ ಬೇಟಾ.' ಆ ದನಿ ನಂಗ ಗೊತ್ತಿಲ್ಲೇನು? ಬಂದೂಕಿನ ಮೂತಿ ಗುಡ್ಡದ ಕಡೆನೇ ಇಟ್ಟು, ಅಲ್ಲಾಡಲಾರದ ಕಾಯ್ದೆ. ಆಮ್ಯಾಲ ತಗದು ನೋಡಿದ್ರ ಜೀವಂತ ತೋಟಾ."

ಮುತ್ಯಾ ಮಧುಮತಿಯ ಕಡೆ ತಿರುಗಿದರು.

"ನಿನ್ನ ಬಂದೂಕೂ ಉಸ್ತಾದರ ಕೈ ಹಾಯ್ದದ್ದs ಯವ್ವಾ. ಅದರ ಕೊಂಡೀ ಸ್ಪ್ರಿಂಗ್ ಸತ್ತಿತ್ತು. ಹೊಸಾದು ಹಾಕೇನಿ. ಪೈಲೆ ನಾನs ನೋಡಬೇಕಿತ್ತು, ತಪ್ಪು ನಂದು. ಆದ್ರ ಸಾಲಿನ್ಯಾಗ ಒಂದು ಜಾಗಾ ನಾವು ಯಾಕ ಖಾಲಿ ಬಿಡ್ತೇವಿ, ಕೇಳೀಯೇನು ಯಾರನರೆ? ಮಳಿ ನಿಂತದ... ಹೋಗಿ ಆ ಜಾಗಾದ ನೆಲಾ ಮುಟ್ಟಿ ನೋಡು."

ಮಧುಮತಿ ಹೋದಳು. ಕರಿನೆಲವೆಲ್ಲ ರಾಡಿಯಾಗಿ ಬೂಟಿಗೆ ಮೆತ್ತಿಕೊಳ್ಳುತ್ತಿತ್ತು. ಅವಳ ಜಾಗದ ಬಲಕ್ಕೆ, ಒಬ್ಬ ಮನುಷ್ಯ ಬೋರಲು ಮಲಗುವಷ್ಟು ಉದ್ದ, ನೆಲ ಒಣಗಿತ್ತು. ಮುಂದೆ ಎರಡು ಮೊಣಕೈ ಊರಿದ ಗುರುತು. ಅಂಗೈ ಇಟ್ಟಳು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು. ಮೈ ಜುಮ್ಮೆಂದರೂ ಕೈ ತೆಗೆಯಲಿಲ್ಲ.

"ನಿಮ್ಮ ಉಪಕಾರ ಮರೆಯಂಗಿಲ್ರಿ," ಎಂದಳು ಮೆಲ್ಲಗೆ. "ಮನ್ಯಾಗ ಎರಡು ಕೂಸು ಅವ. ಅವರದೂ ಒಂದು ಕೈಮುಗಿತ ತಗೋರಿ."

ಆಮೇಲೆ ರಾಡಿಯಲ್ಲೇ ಮಲಗಿ ಬಂದೂಕು ಎತ್ತಿಕೊಂಡಳು. ಐದೂ ಗುಂಡು ಹಾರಿದವು, ಐದೂ ಖಾಲಿ ತೋಟಾ ಹೊರಗೆ ಬಿದ್ದವು.

ಅಮೀರ ಉಸ್ತಾದರು ಮಾತು ಉಳಿಸಿಕೊಂಡರು.